ಒಳಬಾಗಿಲ ಕಾವಲು

ಮೊದಲು ಹಲ್ಲಿ ಇರಬೇಕು ಅಂದುಕೊಂಡಳು ಲತಾಮಣಿ. ಕಿವಿಯ ಹತ್ತಿರವೇ, ಗಾಜನ್ನು ಯಾರೋ ಉಗುರಿನಿಂದ ಮುಟ್ಟಿ ಮುಟ್ಟಿ ಬಿಡುತ್ತಿರುವಂಥ ಸಣ್ಣ ಸದ್ದು. ನಿಲ್ಲುತ್ತಿತ್ತು, ಮತ್ತೆ ಹತ್ತಿಕೊಳ್ಳುತ್ತಿತ್ತು. ನಡುರಾತ್ರಿ ಕಳೆದಿತ್ತು. ಹಿತ್ತಿಲ ಹುಳುಮನೆಯಲ್ಲಿ ರೇಷ್ಮೆಹುಳುಗಳು ಪೊರೆ ಬಿಡುವ ಮೂರನೆಯ ಜ್ವರಕ್ಕೆ ಕೂತು ಸೊಪ್ಪು ಮೇಯುವುದನ್ನು ಬಿಟ್ಟಿದ್ದರಿಂದ ಅಲ್ಲಿನ ಸರಬರವೂ ಇಲ್ಲದೆ ಇಡೀ ಮನೆ ಉಸಿರು ಬಿಗಿಹಿಡಿದಂತಿತ್ತು. ಅವಳು ಕಣ್ಣು ತೆರೆದು ಕತ್ತಲಲ್ಲಿ ಸದ್ದನ್ನು ಹುಡುಕಿದಳು. ಕಿಟಕಿಯಲ್ಲ, ಗೋಡೆಯಲ್ಲ. ಆಮೇಲೆ ತಿಳಿಯಿತು, ಅದು ಅವಳದೇ ಕೈಬಳೆ. ಮಂಚದ ಕಬ್ಬಿಣದ ಪಟ್ಟಿಯ ಮೇಲೆ ಒರಗಿದ್ದ ಎಡಗೈ ತನ್ನಷ್ಟಕ್ಕೆ ತಾನೇ ನಡುಗುತ್ತಿತ್ತು. ಬೇರೆ ಯಾರದೋ ಕೈಯನ್ನು ನೋಡುವಂತೆ ಅದನ್ನು ನೋಡಿದಳು. ರವಿಕೆಯ ಬೆನ್ನು ಒದ್ದೆಯಾಗಿ ಹಾಸಿಗೆಗೆ ಅಂಟಿತ್ತು. ಎದೆ ಓಡುತ್ತಿತ್ತು. ಏನೋ ಆಗಲಿದೆ, ಈಗಲೇ ಆಗಲಿದೆ ಅನ್ನುವ ಭಯ. ಭಯವೇನೂ ಅವಳಿಗೆ ಹೊಸದಲ್ಲ. ಪರೀಕ್ಷೆಯ ಹಿಂದಿನ ರಾತ್ರಿ, ಬಸ್ಸು ತಿರುವಿನಲ್ಲಿ ವಾಲಿದಾಗ, ಹೊತ್ತಲ್ಲದ ಹೊತ್ತಿನಲ್ಲಿ ಫೋನು ಬಡಿದುಕೊಂಡಾಗ ಇದೇ ಬೆವರು, ಇದೇ ನಡುಕ. ಯಾವುದು ತನ್ನ ಹಳೆಯ ಭಯ, ಯಾವುದು ಮೈಯೊಳಗೆ ಇಳಿಯುತ್ತಿರುವ ಸಕ್ಕರೆ ಎಂದು ಬಿಡಿಸಿ ಹೇಳಲಾಗದೆ ಹೋದದ್ದೇ ಈಗಿನ ಕಷ್ಟ.

ಮೊಬೈಲಿನ ಬೆಳಕಿನಲ್ಲಿ ಬೆರಳು ಚುಚ್ಚಿಕೊಂಡಳು. ಸಕ್ಕರೆ ನೋಡುವ ಮಿಷನ್ನು ನೂರ ಮೂವತ್ತೊಂದು ತೋರಿಸಿತು. ಜಯಕುಮಾರ್ ಮಗ್ಗುಲಾಗಿ, "ಏನೇ ಅದು" ಅಂದ. ಹೇಳಿದಳು. "ಸರಿಯಾಗೇ ಐತಲ್ಲ. ಇನ್ನೇನ್ ಬೇಕು ನಿಂಗೆ, ಮಲ್ಕೊ" ಎಂದು ಗಂಡ ಗೋಡೆಯ ಕಡೆ ತಿರುಗಿದ. ಸರಿಯಾಗಿಯೇ ಇತ್ತು. ಸರಿಯಾದ ಅಂಕಿಯನ್ನು ಕೈಯಲ್ಲಿ ಹಿಡಿದುಕೊಂಡು ಅವಳು ಸಾಯುತ್ತಿದ್ದೇನೆ ಅಂದುಕೊಂಡು ಕೂತಿದ್ದಳು. ಕೊನೆಗೆ ತಡೆಯಲಾಗದೆ ದಿಂಬಿನ ಕೆಳಗಿದ್ದ ಬಿಸ್ಕತ್ತಿನ ಪೊಟ್ಟಣವನ್ನು ಹೊದಿಕೆಯೊಳಗೆಳೆದುಕೊಂಡು, ಸದ್ದಾಗದಂತೆ, ಒಂದೊಂದನ್ನೂ ಬಾಯಲ್ಲೇ ನೆನೆಸಿ ಕರಗಿಸಿ ಪೂರ್ತಿ ತಿಂದಳು. ಕದ್ದು ತಿನ್ನುವವಳ ಜಾಣತನ ಇಷ್ಟು ಬೇಗ ಬಂದುಬಿಟ್ಟಿತಲ್ಲ ಎಂದು ನಾಚಿಕೆಯಾಯಿತು.

ರಾಮನಗರದ ಡಾಕ್ಟರು ಹೋದ ವಾರ ಇನ್ಸುಲಿನ್ ಶುರು ಮಾಡುವಾಗ ಹೇಳಿದ್ದರು: "ಎರಡು ವರ್ಷ ಮುನ್ನೂರರ ಮೇಲೇ ಬದುಕಿರೋ ಮೈ ಇದು. ಅದಕ್ಕೆ ಆ ಎತ್ತರವೇ ನೆಲ. ಈಗ ಸರಸರ ಇಳಿಸಿದರೆ, ಒಳ್ಳೆ ಅಂಕಿಗೆ ಬಂದರೂ ಬಿದ್ದೆ ಬಿದ್ದೆ ಅಂತ ಕೂಗುತ್ತೆ. ನಡುಕ, ಬೆವರು, ಹಸಿವು ಎಲ್ಲ ಬರುತ್ತೆ, ಸುಳ್ಳಲ್ಲ. ಊಟ ಮಾತ್ರ ತಪ್ಪಿಸಬೇಡಿ. ತಪ್ಪಿಸಿದರೆ ನಿಜವಾಗಿಯೂ ಬೀಳುತ್ತೀರಿ." ಪಕ್ಕದಲ್ಲಿ ಕೂತಿದ್ದ ಜಯಕುಮಾರ್ ಫೋನು ನೋಡುತ್ತಿದ್ದವನು, ಕೊನೆಯಲ್ಲಿ ತಲೆಯೆತ್ತಿ, "ಅಂಗಾರೆ ಏನೂ ಇಲ್ಲ ಅನ್ನಿ ಸಾರ್" ಅಂದಿದ್ದ. ಬಿ.ಎ. ಓದಿದವಳು, ಮದುವೆಗೆ ಮುಂಚೆ ಚನ್ನಪಟ್ಟಣದ ಶಾಲೆಯಲ್ಲಿ ಮಕ್ಕಳಿಗೆ ವಾಕ್ಯ ತಿದ್ದುತ್ತಿದ್ದವಳು, ಆ ಮಾತುಗಳನ್ನು ಮನಸ್ಸಿನಲ್ಲಿ ಒಪ್ಪವಾಗಿ ಜೋಡಿಸಿಟ್ಟುಕೊಂಡಿದ್ದಳು. ಆದರೆ ಹೊಂಗನೂರಿನ ಈ ಮನೆಯಲ್ಲಿ ಅದನ್ನು ಯಾರಿಗೆ, ಯಾವ ಮಾತಿನಲ್ಲಿ ಹೇಳುವುದು? ಅಂಕಿ ಸರಿಯಿದೆ, ನಾನು ಸರಿಯಿಲ್ಲ. ಹೇಳಿದ ಕೂಡಲೇ ಅದು ನೆಪದಂತೆ ಕೇಳಿಸುತ್ತದೆ.

ಬೆಳಗಾದರೆ ಮಹಾಲಯ ಅಮಾವಾಸ್ಯೆ, ಹಿರಿಯರಿಗೆ ಎಡೆ ಇಡುವ ದಿನ. ರಾತ್ರಿಯ ಬಿಸ್ಕತ್ತಿನಿಂದಾಗಿ ಸಕ್ಕರೆ ಮತ್ತೆ ಮೇಲೇರಿ ಕೂತಿತ್ತು. ಮಿಷನ್ನಿನಲ್ಲಿ ಆ ಅಂಕಿ ನೋಡಿ ಹೆದರಿ, ಊಟ ತಡವಾಗುತ್ತದೆಂದು ಗೊತ್ತಿದ್ದೂ, ಪೂರ್ತಿ ಇಂಜೆಕ್ಷನ್ನು ಚುಚ್ಚಿಕೊಂಡಳು. ಅರ್ಧ ಹಾಕಿಕೊಳ್ಳಬೇಕಿತ್ತೇ? ಹಾಕಿಕೊಳ್ಳದೆಯೇ ಇರಬೇಕಿತ್ತೇ? "ಹನ್ನೆರಡಕ್ಕೆಲ್ಲ ಎಡೆ ಮುಗ್ಸೋದೇಯ, ರಮ್ಯಾ ಬಂದೇಟ್ಗೆ" ಎಂದು ಜಯಕುಮಾರ್ ಅಂದಿದ್ದ, ಅವಳು ನಂಬಿದ್ದಳು. ಎಡೆಯ ಅಡಿಗೆ ಮಾಡುವವಳು ಎಡೆಯಾಗುವ ತನಕ ಬಾಯಿಗೆ ಏನೂ ಹಾಕಬಾರದು, ಉಪ್ಪು ಕೂಡ ನೋಡಬಾರದು. ಕಣ್ಣಂದಾಜಿನಲ್ಲೇ ಸಾರಿಗೆ ಹುಳಿ, ಹೂರಣಕ್ಕೆ ಬೆಲ್ಲ. ಬೆಲ್ಲದ ಡಬ್ಬಿಯನ್ನು ಅತ್ತೆ ಕಾವೇರಮ್ಮ ತಾನೇ ಬೀಗ ತೆಗೆದು, ಬೇಕಾದಷ್ಟು ಅಳೆದು ಕೊಟ್ಟು, ಮತ್ತೆ ಬೀಗ ಹಾಕಿ, ಬೀಗದಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಆ ಬೀಗದಕೈ ಹಿಂದೆ ಲತಾಮಣಿಯ ಸೊಂಟದಲ್ಲಿತ್ತು. ಮಾವ ಚೆಲುವಯ್ಯನಿಗೆ ಸಕ್ಕರೆ ಕಾಯಿಲೆ ಇದ್ದಾಗ, ಓದಿದ ಸೊಸೆ ಎಂದು ಮಿಷನ್ನನ್ನೂ ಬೀಗದಕೈಯನ್ನೂ ಅವಳಿಗೇ ಒಪ್ಪಿಸಿದ್ದರು. ಅವನು ತೀರಿಹೋದ ಮೇಲೆ ಕಾಯಿಲೆ ಅವಳಿಗೆ ಬಂತು, ಬೀಗದಕೈ ಅತ್ತೆಗೆ ಹೋಯಿತು.

"ತುಪ್ಪ ಹೆಚ್ಗೆ ಸವ್ರು" ಎಂದಳು ಕಾವೇರಮ್ಮ, ಹೆಂಚಿನ ಮೇಲಿನ ಒಬ್ಬಟ್ಟನ್ನು ನೋಡುತ್ತ. "ಅವ್ರ್ಗೆ ಒಣ್ಗಿದ್ರೆ ಆಯ್ತಿರ್ಲಿಲ್ಲ." ಆಮೇಲೆ ಬೆಂಕಿಗೆ ಹೇಳುವಂತೆ, "ಈ ಸಲನೂವೆ ಮುಟ್ನಿಲ್ಲ ಅಂದ್ರೆ ನಾ ಇನ್ಮೇಲೆ ಎಡೆ ತಾವಕ್ಕೆ ಬರಾಕಿಲ್ಲ ಕಣವ್ವಾ. ನೀವ್ ನೀವೇ ಇಕ್ಕೊಳಿ. ನನ್ ಮೊಕ ಕಂಡ್ರೆ ಅವ್ರು ಒಳೀಕೆ ಬರಾಕಿಲ್ಲ."

ಲತಾಮಣಿ ಒಬ್ಬಟ್ಟಿಗೆ ಇನ್ನೊಂದು ಚಮಚ ತುಪ್ಪ ಸವರಿದಳು. ಆ ಮಾತಿನ ಬುಡದಲ್ಲಿ ಏನಿದೆಯೆಂದು ಮನೆಗೆಲ್ಲ ಗೊತ್ತಿತ್ತು. ತೀರಿಹೋಗುವ ಎರಡು ತಿಂಗಳ ಮುಂಚೆ, ಬೀಗರು ಬಂದಿದ್ದ ಊಟದ ಪಂಕ್ತಿಯಲ್ಲಿ, ಚೆಲುವಯ್ಯ ಎಲೆಗೆ ಬಡಿಸಿಕೊಂಡಿದ್ದ ಒಬ್ಬಟ್ಟಿಗೆ ಕೈಯಿಟ್ಟಾಗ ಕಾವೇರಮ್ಮ ಎಲ್ಲರೆದುರಿಗೆ ಅದನ್ನು ಕಿತ್ತುಕೊಂಡಿದ್ದಳು. "ಸಾಯಾಕೆ ಆತ್ರ ಬಿದ್ದವ್ರೆ" ಎಂದು ನಕ್ಕಿದ್ದಳು. ಚೆಲುವಯ್ಯ ಯಾರನ್ನೂ ನೋಡದೆ, ಎಲೆಯನ್ನು ಅರ್ಧಕ್ಕೇ ಮಡಿಸಿ ಎದ್ದು ಹೋದ. ಆಮೇಲೆ ಉಳಿದಷ್ಟು ದಿನವೂ ಹೆಂಡತಿಯ ಕೈಯಿಂದ ನೀರು ಕೂಡ ಇಸಿದುಕೊಳ್ಳಲಿಲ್ಲ. ಮೊದಲ ವರ್ಷದ ಎಡೆಯಲ್ಲಿ ಇಟ್ಟದ್ದು ಇಟ್ಟ ಹಾಗೇ ಇತ್ತು. ಎರಡನೆಯ ವರ್ಷವೂ ಹಾಗೇ. ಎಲ್ಲರ ಮನೆಯಲ್ಲೂ ಹಾಗೇ ಇರುತ್ತದೆ, ಆದರೆ ಎಲ್ಲರ ಮನೆಯಲ್ಲೂ ಏನೋ ಒಂದು ಗುರುತು ಹುಡುಕಿಕೊಳ್ಳುತ್ತಾರೆ. ನೀರು ಒಂದು ಬೆರಳು ಇಳಿದಿದೆ, ಬಾಳೆಹಣ್ಣಿನ ಸಿಪ್ಪೆ ಬಿರಿದಿದೆ ಅನ್ನುತ್ತಾರೆ. ಕಾವೇರಮ್ಮ ಮಾತ್ರ ಎಲೆಯ ಮುಂದೆ ಕೂತು ಬಗ್ಗಿ ಬಗ್ಗಿ ನೋಡಿ, "ಮುಟ್ನಿಲ್ಲ" ಎಂದು ಎದ್ದಿದ್ದಳು. ಮಾವ ಇನ್ನೂ ಬದುಕಿದ್ದ ಆ ಕೊನೆಯ ದಿನಗಳಲ್ಲೇ ಒಂದು ಸಂಜೆ ಜಗಲಿಯ ಮೇಲೆ ಬೆವರುತ್ತ ಕೂತು, "ಎದೆಯೊಳ್ಗೆ ಇಲಿ ಓಡಾಡ್ದಂಗಾಯ್ತದೆ ಕಣವ್ವಾ, ಒಸಿ ಬೆಲ್ಲ ಕೊಡು" ಅಂದಿದ್ದ. ಅವಳು ಬೆರಳು ಚುಚ್ಚಿ ನೋಡಿ, "ಸರಿಯಾಗೇ ಐತೆ ಮಾವ" ಎಂದು ಮಿಷನ್ನನ್ನು ಅವನ ಮುಖಕ್ಕೆ ಹಿಡಿದಿದ್ದಳು. "ಅದ್ಕೇನ್ ಗೊತ್ತಾದದು" ಅಂದಿದ್ದ ಚೆಲುವಯ್ಯ, "ನಡುಗ್ತಿರೋದು ಅದರ ಮೈಯಾ?" ಅದಕ್ಕೂ ಮನೆಯವರೆಲ್ಲ ನಕ್ಕಿದ್ದರು. ತಾನೂ ನಕ್ಕಿದ್ದೆನೇ? ನಕ್ಕಿರಬೇಕು. ಹೆಂಚಿನ ಮೇಲೆ ಒಬ್ಬಟ್ಟು ಸೀದ ವಾಸನೆ ಬಂದು ಬೆಚ್ಚಿ ಮಗುಚಿದಳು.

ಹನ್ನೆರಡಾಯಿತು, ನಾದಿನಿ ರಮ್ಯಾ ಬರಲಿಲ್ಲ. ಸಾತನೂರಿನಲ್ಲಿ ಬಸ್ಸೇ ಹೊರಟಿಲ್ಲವೆಂದು ಫೋನು ಬಂತು. ಮಗಳಿಲ್ಲದೆ ಎಡೆಯಿಡಲು ಕಾವೇರಮ್ಮ ಒಪ್ಪಲಿಲ್ಲ. ಲತಾಮಣಿ ಅಡಿಗೆಮನೆಯ ಹೊಸ್ತಿಲಲ್ಲಿ ಕೂತು ಕೈಗಳನ್ನು ಸೆರಗಿನೊಳಗೆ ಅಡಗಿಸಿಕೊಂಡಳು. ಮೊದಲು ತುಟಿಯ ಸುತ್ತ ಇರುವೆ ಹರಿದಂತೆ ಜುಮುಜುಮು. ಆಮೇಲೆ ಎಲ್ಲದರ ಮೇಲೂ ಸಿಟ್ಟು: ಒಲೆಯ ಮೇಲೆ, ಬಸ್ಸಿನ ಮೇಲೆ, ಜಗಲಿಯಲ್ಲಿ ನಿರುಮ್ಮಳವಾಗಿ ಎಲೆಯಡಿಕೆ ಹಾಕುತ್ತಿದ್ದ ಪಕ್ಕದ ಮನೆ ದಾಸಮ್ಮನ ದವಡೆಯ ಮೇಲೆ. ಈ ಸಿಟ್ಟು ತನ್ನದಲ್ಲ, ಸಕ್ಕರೆಯದು ಎಂದು ತಿಳಿದಿತ್ತು. ತಿಳಿದದ್ದರಿಂದ ಅದು ಕಡಿಮೆಯಾಗಲಿಲ್ಲ. ಕೊನೆಗೆ ಎದ್ದು ಜಗಲಿಗೆ ಹೋಗಿ, ಆದಷ್ಟು ಮೆಲ್ಲಗೆ, "ಅತ್ತೆ, ನನಗೆ ಕೈಕಾಲು ಬತ್ತಾ ಇಲ್ಲ. ಒಸಿ ಬೆಲ್ಲ ಬೇಕು" ಅಂದಳು.

"ತಾಳವ್ವಾ. ಅಡ್ಗೆ ಮಾಡಿರೋ ಬಾಯಿ ಎಂಜ್ಲಾಗ್ಬಾರ್ದು. ಇನ್ನೇನ್, ಬಂದ್ಬುಡ್ತಾಳೆ."

"ಮಿಷನ್ ಹಾಕ್ಕೊಂಡು ನೋಡು ಮೊದ್ಲು" ಎಂದ ಜಯಕುಮಾರ್.

ಎಲ್ಲರೆದುರಿಗೆ ಬೆರಳು ಚುಚ್ಚಿಕೊಂಡಳು. ಕೈ ನಡುಗಿ ರಕ್ತ ಪಟ್ಟಿಯ ಪಕ್ಕಕ್ಕೆ ಬಿದ್ದು, ಎರಡನೆಯ ಸಲ ಚುಚ್ಚಬೇಕಾಯಿತು. ಜಯಕುಮಾರ್ ಬಗ್ಗಿ ಓದಿದ. "ನೂರ ಹನ್ನೆರಡು. ನಂದಕ್ಕಿಂತ ನಿಂದೇ ಚೆನ್ನಾಗೈತಲ್ಲೇ."

ದಾಸಮ್ಮ ಕಿಸಕ್ಕೆಂದಳು. "ಓದ್ದೋರ್ಗೆ ಕಾಯ್ಲೇನೂವೆ ಪುಸ್ತಕದಲ್ಲಿ ನೋಡ್ಕೊಂಡೇ ಬರೋದು ಕಣಪ್ಪ."

ಇಳಿಯುತ್ತಾ ಇರುವುದು, ನಿಂತಿರುವುದಲ್ಲ, ಎಂದು ಲತಾಮಣಿ ಹೇಳಬೇಕೆಂದುಕೊಂಡಳು. ಬಾವಿಗೆ ಬೀಳುತ್ತಿರುವವನನ್ನು ನಡುವೆ ಫೋಟೋ ಹಿಡಿದರೆ ಅವನು ಗಾಳಿಯಲ್ಲಿ ನೆಟ್ಟಗೆ ನಿಂತ ಹಾಗೇ ಕಾಣಿಸುತ್ತಾನೆ. ವಾಕ್ಯ ಪೂರ್ತಿ ಸಿದ್ಧವಾಗಿ ನಾಲಿಗೆಯ ಮೇಲಿತ್ತು, ಆದರೆ ನಾಲಿಗೆ ದಪ್ಪಗಾಗಿತ್ತು. "ಸರಿ" ಎಂದಷ್ಟೇ ಅಂದಳು. ಅಷ್ಟರಲ್ಲಿ ಆಟೋ ನಿಂತು ರಮ್ಯಾ ಇಳಿದಳು. ಅತ್ತಿಗೆಯ ಮುಖ ನೋಡಿ, ಅಣ್ಣನ ಕೈಯಲ್ಲಿದ್ದ ಮಿಷನ್ನು ನೋಡಿ, "ಹಬ್ಬದ್ ದಿನವೇ ಬತ್ತದೆ ಕಣಣ್ಣ ಅತ್ಗೇಗೆ ಸುಸ್ತು" ಎಂದು ನಗುತ್ತ ಚಪ್ಪಲಿ ಬಿಟ್ಟಳು. ನಗುವಿನಲ್ಲಿ ಕೆಟ್ಟತನವಿರಲಿಲ್ಲ. ಅದಿದ್ದಿದ್ದರೆ ಎಷ್ಟೋ ವಾಸಿಯಿತ್ತು.

ನಡುಕೋಣೆಯಲ್ಲಿ ಎಡೆಯಿಟ್ಟರು. ಗೋಡೆಗೊರಗಿಸಿದ ಚೆಲುವಯ್ಯನ ಫೋಟೋ, ಹೊಸ ಪಂಚೆ, ಒಂದು ಕಟ್ಟು ಬೀಡಿ, ಮುಂದೆ ಬಾಳೆಯೆಲೆ. ಎಲೆಯ ತುಂಬ ಅನ್ನ, ಮಾಂಸದ ಸಾರು, ವಡೆ, ದೊನ್ನೆಯಲ್ಲಿ ಪಾಯಸ, ಮೂರು ಒಬ್ಬಟ್ಟು. ಮಾಡಿದ ಅಡಿಗೆಯೆಲ್ಲ ಹಿರಿಯರ ಕಣ್ಣಿಗೆ ಬೀಳಲೆಂದು ಪಾತ್ರೆಗಳನ್ನೂ ತಂದು ಅಲ್ಲೇ ಸಾಲಾಗಿ ಜೋಡಿಸಿ, ಅಡಿಗೆಮನೆ ಖಾಲಿಯಾಯಿತು. ಧೂಪ ಹಾಕಿ, ಎಲ್ಲರೂ ಅಡ್ಡಬಿದ್ದು, ಮುಂಬಾಗಿಲನ್ನೆಳೆದುಕೊಂಡು ಹೊರಗೆ ಹೋಗಬೇಕು. ಒಳಗೆ ಯಾರೂ ಇರದ ಆ ಹೊತ್ತಿನಲ್ಲಿ ಹಿರಿಯರು ಬಂದು ಉಂಡು ಹೋಗುತ್ತಾರೆ. ಆದರೆ ಆ ಕೋಣೆಗೆ ಅಡಿಗೆಮನೆಯ ಕಡೆಯಿಂದಲೂ ಒಂದು ಬಾಗಿಲಿತ್ತು, ಅದರ ಚಿಲಕ ಕೂರುತ್ತಿರಲಿಲ್ಲ. "ದಾಸಮ್ಮನ್ ಬೆಕ್ಕು ನುಗ್ಬುಡ್ತದೆ. ನೀ ಒಳ್ಬಾಗ್ಲಲ್ಲಿ ಕೂತ್ಕೊ ಕಣವ್ವಾ, ಕಣ್ ಮಿಟುಕಿಸ್ಬ್ಯಾಡ" ಎಂದಳು ಕಾವೇರಮ್ಮ. ನಂಬಿಕೆಗೆ ಒಬ್ಬರು ಬೇಕಾದಾಗ ಅವರು ಆರಿಸುತ್ತಿದ್ದುದು ಯಾವತ್ತೂ ಲತಾಮಣಿಯನ್ನೇ.

ಅವಳು ಒಳಬಾಗಿಲಿಗೆ ಬೆನ್ನು ಕೊಟ್ಟು, ಅಡಿಗೆಮನೆಯ ನೆಲದ ಮೇಲೆ ಕೂತಳು. ಬೆಕ್ಕು ಬರುವುದಾದರೆ ಹಿತ್ತಿಲ ಕಿಟಕಿಯಿಂದ. ಆ ಕಿಟಕಿಯನ್ನು ನೋಡುತ್ತಿರಬೇಕು. ಕಿಟಕಿಯ ಚೌಕ ಸ್ವಲ್ಪ ಸ್ವಲ್ಪವೇ ಚಿಕ್ಕದಾಗುತ್ತ ಬಂತು, ಅಂಚುಗಳು ಹೊಗೆಯಾದವು. ಬೆಲ್ಲಕ್ಕೆ ಬೀಗ. ಪರ್ಸಿನಲ್ಲಿ ಚಾಕಲೇಟಿದೆ, ಪರ್ಸು ಜಗಲಿಯಾಚೆಯ ರೂಮಿನಲ್ಲಿದೆ, ಅಲ್ಲಿಗೆ ಹೋಗಬೇಕಾದರೆ ಎಲ್ಲರ ಮುಂದೆ ಹಾಯಬೇಕು. ನೂರ ಹನ್ನೆರಡು ಎಂದು ಗಂಡ ಓದಿದ್ದ. ಎಷ್ಟು ಹೊತ್ತಾಯಿತು ಅದಕ್ಕೆ? ಈಗ ಎಷ್ಟಿರಬಹುದು? ಎಪ್ಪತ್ತೇ, ಅರವತ್ತೇ, ಐವತ್ತೇ? ಎದ್ದು ಹೋಗಿ ಮತ್ತೆ ಚುಚ್ಚಿಕೊಂಡು, ಈ ಸಲ ಅಂಕಿ ಸರಿಯಾಗಿ ಕೆಟ್ಟು, ಎಲ್ಲರ ಮುಖಕ್ಕೂ ಅದನ್ನು ಹಿಡಿಯಬೇಕೆಂದು ಒಂದು ಕ್ರೂರ ಆಸೆ ಹುಟ್ಟಿತು. ಏಳಲು ಮಂಡಿ ಕೇಳಲಿಲ್ಲ. ಕೂಗಬೇಕು, ಏನೆಂದು ಕೂಗುವುದು? ಜಯಕುಮಾರ್ ಅನ್ನುವ ಹೆಸರು ಅವಳಿಗೆ ನೆನಪಾಗಲಿಲ್ಲ. ನೆನಪಾಗಲಿಲ್ಲವೆಂಬುದನ್ನು ಸ್ಪಷ್ಟವಾಗಿ ಗಮನಿಸಿದಳು, ಮಗುವೊಂದು ಶಾಲೆಯಲ್ಲಿ ಉತ್ತರ ಮರೆತು ನಿಂತದ್ದನ್ನು ಮೇಜಿನ ಈಚೆಯಿಂದ ಗಮನಿಸುವಂತೆ. ಬೆನ್ನ ಹಿಂದೆ ಬಾಗಿಲು ಸರಿಯಿತು. ತನ್ನ ಭಾರಕ್ಕೇ ಸರಿದಿರಬೇಕು. ಧೂಪದ ವಾಸನೆ, ತುಪ್ಪದ ವಾಸನೆ.

ಮೊದಲು ಬಂದದ್ದು ಮಂಡಿಗೆ ತಗುಲಿದ ನೆಲದ ತಂಪು. ಆಮೇಲೆ ಬಾಯೊಳಗೆ ಏಲಕ್ಕಿ. ಏಲಕ್ಕಿಯ ಹಿಂದೆಯೇ ಬೆಲ್ಲ, ಅದರ ಹಿಂದೆ, ದೂರದಿಂದ ನಡೆದು ಬಂದಂತೆ, ತಾನು. ಲತಾಮಣಿ ಎಲೆಯ ಮುಂದೆ ಕೂತಿದ್ದಳು. ಮೂರು ಒಬ್ಬಟ್ಟಿನಲ್ಲಿ ಉಳಿದದ್ದು ಒಂದೂವರೆ. ಪಾಯಸದ ದೊನ್ನೆ ತಳ ಕಾಣುತ್ತಿತ್ತು, ಅದರ ಗೋಡೆಯಲ್ಲಿ ನಾಲ್ಕು ಬೆರಳು ಎಳೆದ ಗುರುತು. ಫೋಟೋದೊಳಗಿಂದ ಚೆಲುವಯ್ಯ ನೋಡುತ್ತಿದ್ದ. ಕಡಿದದ್ದನ್ನು ಕೈಯಿಂದ ನೇರ ಮಾಡಲು ಹೋದಳು, ಇನ್ನಷ್ಟು ಮುರಿಯಿತು. ಪಾತ್ರೆಯಿಂದ ಬೇರೆ ಒಬ್ಬಟ್ಟು ತೆಗೆದಿಡಬಹುದು ಅನ್ನುವ ಉಪಾಯ ಹೊಳೆಯುವಷ್ಟರಲ್ಲಿ ಹೊರಗೆ ಜಯಕುಮಾರ್ ಕೆಮ್ಮಿದ. ಬಾಗಿಲು ತೆರೆಯುವ ಮುಂಚೆ, ಹಿರಿಯರು ಎದ್ದು ಹೋಗಲೆಂದು, ಮೂರು ಸಲ ಕೆಮ್ಮುವುದು ಪದ್ಧತಿ. ಎರಡನೆಯ ಕೆಮ್ಮಿಗೆ ಅವಳು ಹೊಸ್ತಿಲು ದಾಟಿದ್ದಳು, ಮೂರನೆಯದಕ್ಕೆ ಸೆರಗಿನಿಂದ ಬಾಯಿ ಒರೆಸಿಕೊಂಡು ಬಾಗಿಲಿಗೆ ಬೆನ್ನು ಕೊಟ್ಟಿದ್ದಳು.

ಆಚೆ ಕಡೆ ಮುಂಬಾಗಿಲು ತೆರೆದ ಸದ್ದಾಯಿತು. ಆಮೇಲೆ ರಮ್ಯಾ, "ಅವ್ವಾ" ಅಂದಳು. "ಅವ್ವಾ, ಇಲ್ನೋಡವ್ವಾ."

"ಬೆಕ್ಕು ಕಣೆ" ಎಂದ ಜಯಕುಮಾರ್. ಅವನ ದನಿ ನೆಟ್ಟಗಿರಲಿಲ್ಲ. "ಲತಾ, ಬೆಕ್ಕೇನಾರ ಬಂದಿತ್ತಾ?"

ಅವಳು ಬಾಗಿಲಲ್ಲಿ ನಿಂತಳು. ಎಲ್ಲರೂ ಅವಳನ್ನು ನೋಡುತ್ತಿದ್ದರು, ಕಾವೇರಮ್ಮನೊಬ್ಬಳನ್ನು ಬಿಟ್ಟು. ಕಾವೇರಮ್ಮ ಎಲೆಯ ಮುಂದೆ ಕೂತು, ದೊನ್ನೆಯಲ್ಲಿನ ಬೆರಳ ಗುರುತಿನ ಮೇಲೆ ತನ್ನ ಬೆರಳುಗಳನ್ನು, ಮುಟ್ಟದಂತೆ, ಗಾಳಿಯಲ್ಲಿ ಹಿಡಿದಿದ್ದಳು. ಬಂದಿತ್ತು ಅಂದರೆ ಮುಗಿಯಿತು. ಕಾವಲು ಕೂತವಳು ತೂಕಡಿಸಿದಳು ಎಂದು ಬೈಯುತ್ತಾರೆ, ಬೆಕ್ಕನ್ನು ಬೈಯುತ್ತಾರೆ, ಹೊಸ ಎಲೆ ಹಾಕುತ್ತಾರೆ, ಅತ್ತೆ ಎದ್ದು ಹೋಗುತ್ತಾಳೆ, ಮತ್ತೆ ಆ ಕೋಣೆಗೆ ಬರುವುದಿಲ್ಲ. ನಾನು ತಿಂದೆ ಅಂದರೆ ಹಿರಿಯರ ಎಲೆಗೆ ಎಂಜಲು ಬಾಯಿಟ್ಟವಳು, ನೂರ ಹನ್ನೆರಡಿದ್ದವಳು. ಎರಡು ವಾಕ್ಯಗಳನ್ನೂ ಮನಸ್ಸಿನಲ್ಲಿ ತಿರುಗಿಸಿ ನೋಡಿದಳು. ಕೇಳಿದ್ದು ಬೆಕ್ಕಿನ ಬಗ್ಗೆ ಮಾತ್ರ.

"ಇಲ್ಲ" ಅಂದಳು. "ಬೆಕ್ಕು ಬರಲಿಲ್ಲ."

ಕಾವೇರಮ್ಮನ ಭುಜ ಇಳಿಯಿತು. ಅಳುತ್ತಾಳೆ ಅಂದುಕೊಂಡರೆ ಅಳಲಿಲ್ಲ. ಫೋಟೋವನ್ನು ನೋಡಿ, ದಿನಾ ಮಾತಾಡುವ ದನಿಯಲ್ಲಿ, "ಒಂದೂವರೆ ತಿಂದೋರು ಮಿಕ್ಕದ್ ಯಾಕ್ ಬುಟ್ರಿ?" ಅಂದಳು. "ಈಗ್ಲೂ ನಾ ಕಿತ್ಕೊಂಡೇನು ಅಂತ್ಲಾ?" ರಮ್ಯಾ ಬಾಯಿಗೆ ಸೆರಗು ಒತ್ತಿಕೊಂಡಳು. ಜಯಕುಮಾರ್ ಗೋಡೆಯ ಕಡೆ ತಿರುಗಿ ನಿಂತ. ಆ ಬೆನ್ನನ್ನು ರಾತ್ರಿಯೂ ನೋಡಿದ್ದಳು, ಆದರೆ ಈಗ ಅದು ಅಲುಗುತ್ತಿತ್ತು.

ಊಟಕ್ಕೆ ಕೂತಾಗ ಕಾವೇರಮ್ಮ ಎಡೆಯ ಎಲೆಯಿಂದ ಆ ಮುರಿದ ಒಬ್ಬಟ್ಟನ್ನು ತಂದು ಎಲ್ಲರಿಗೂ ಚೂರು ಚೂರು ಹಂಚಿದಳು. ಲತಾಮಣಿಯ ಎಲೆಗೆ ಬಂದಾಗ ಜಯಕುಮಾರ್, "ಅವ್ಳ್ಗೆ ಸಕ್ರೆ ಕಣವ್ವಾ" ಅಂದ.

"ಒಸಿ ತಿಂದ್ರೆ ಏನೂ ಆಗಾಕಿಲ್ಲ. ಅವ್ರು ಉಂಡ್ ಮಿಕ್ಕಿದ್ದು" ಎಂದು ದೊಡ್ಡ ಚೂರನ್ನೇ ಇಟ್ಟು, ತಲೆಯ ಮೇಲೆ ಕೈಯಾಡಿಸಿದಳು ಮುದುಕಿ. "ಬೆಳ್ಗಿಂದ ಬಾಡೋಗದೆ ಮೊಕ. ತಿನ್ನವ್ವಾ."

ತನ್ನದೇ ಎಂಜಲನ್ನು ಅವಳು ಎಲ್ಲರ ಕಣ್ಣೆದುರು, ಕಣ್ಣಿಗೊತ್ತಿಕೊಂಡು ಬಾಯಿಗೆ ಹಾಕಿಕೊಂಡಳು. ಈಗ ಅದು ಬೇಕಿರಲಿಲ್ಲ. ಮೈಯೊಳಗೆ ಸಕ್ಕರೆ ಏರುತ್ತಿರುವುದು, ಕಿವಿಯ ಹಿಂದೆ ಬಿಸಿಯಾಗುತ್ತಿರುವುದು ತಿಳಿಯುತ್ತಿತ್ತು. ಅತ್ತೆಗಾಗಿ ಸುಮ್ಮನಿದ್ದೇನೆಯೇ, ನನಗಾಗಿಯೇ? ಎದುರಿನ ಸಾಲಿನಲ್ಲಿ ರಮ್ಯಾ ಸಾತನೂರಿನ ಯಾರಿಗೋ ಫೋನಿನಲ್ಲಿ, "ಇಲ್ಲ ಕಣೆ, ಅತ್ಗೆ ಅಲ್ಲೇ ಕೂತಿದ್ರು, ಒಂದ್ ಇರುವೆನೂ ಒಳೀಕೆ ಬುಟ್ಟಿಲ್ಲ" ಎನ್ನುತ್ತಿದ್ದಳು. ಸಂಜೆಗೆ ಇದು ಊರೆಲ್ಲ ಆಗುತ್ತದೆ. ಬರುವ ವರ್ಷ ಮತ್ತೆ ಎಲೆ ಹಾಕುತ್ತಾರೆ, ಕಾವೇರಮ್ಮ ಮತ್ತೆ ಬಗ್ಗಿ ನೋಡುತ್ತಾಳೆ. ಅದನ್ನು ಆಗ ನೋಡಿಕೊಳ್ಳಬೇಕು. ಅದಕ್ಕೂ ಮುಂಚೆ ಸೋಮವಾರವಿದೆ, ಮತ್ತೆ ರಾಮನಗರದ ಡಾಕ್ಟರ ಹತ್ತಿರ ಹೋಗಬೇಕಾದ ದಿನ. ಪಕ್ಕದ ಕುರ್ಚಿಯಲ್ಲಿ ಜಯಕುಮಾರ್ ಕೂತಿರುತ್ತಾನೆ, ಈ ಸಲ ಫೋನು ನೋಡದೆ ಕೇಳಿಸಿಕೊಂಡರೂ ಕೇಳಿಸಿಕೊಂಡಾನು. ಸಕ್ಕರೆ ಯಾವತ್ತಾದರೂ ತೀರಾ ಇಳಿದಿತ್ತೇ, ಎಚ್ಚರ ತಪ್ಪಿದಂತಾಗಿತ್ತೇ ಎಂದು ಡಾಕ್ಟರು ಕೇಳುತ್ತಾರೆ. ಹೌದು ಅಂದರೆ ಯಾವ ದಿನ, ಎಷ್ಟು ಹೊತ್ತಿಗೆ, ಆಗ ಏನು ತಿಂದಿರಿ ಎಂದು ಕೇಳುತ್ತಾರೆ. ಇಲ್ಲ ಅಂದರೆ ಅದೇ ಅಳತೆಯ ಇಂಜೆಕ್ಷನ್ನನ್ನೇ ಮುಂದುವರಿಸಿ ಎಂದು ಬರೆಯುತ್ತಾರೆ, ಬಹುಶಃ ಇನ್ನೊಂದಿಷ್ಟು ಹೆಚ್ಚಿಸಿ. ಕಾವೇರಮ್ಮ ತನ್ನ ಎಲೆಯ ಅನ್ನವನ್ನು ದೊಡ್ಡ ದೊಡ್ಡ ತುತ್ತು ಮಾಡಿ ಉಣ್ಣುತ್ತಿದ್ದಳು, ಸಾರು ಮೊಣಕೈಗಿಳಿಯುತ್ತಿದ್ದುದರ ಪರಿವೆಯಿಲ್ಲದೆ, ಬಹಳ ದೂರ ನಡೆದು ಬಂದವಳ ಹಾಗೆ.

ಇಲ್ಲ ಅನ್ನುತ್ತೇನೆ, ಎಂದುಕೊಂಡಳು ಲತಾಮಣಿ. ಡಾಕ್ಟರಿಗೂ ಇಲ್ಲವೆಂದೇ ಅನ್ನುತ್ತೇನೆ.